ಮಳೆಗಾಲದ ಮಂಡಿ ಊತ: ಸಕ್ಕರೆ ಕಾಯಿಲೆ ಇದ್ದವರಿಗೆ ಎಣ್ಣೆ ತಿಕ್ಕಿದರೆ ಸಾಕೇ?

ಮಂಡಿನೋವಿಗೆ ಬಿಸಿ ಎಣ್ಣೆ ತಿಕ್ಕಿ, ಎಲೆ ಕಟ್ಟಿ, ಶಾಖ ಕೊಡಿ ಎನ್ನುವ ಫಾರ್ವರ್ಡ್‌ಗಳು ನಿಮಗೂ ಬಂದಿರಬಹುದು. ಹಳೆಯ ಸವೆತದ ನೋವಿಗೆ ಇದು ಸ್ವಲ್ಪ ಹಿತ ಕೊಡಬಹುದು. ಆದರೆ ಒಂದೇ ಕೀಲು ದಿಢೀರನೆ ಊದಿ, ಮುಟ್ಟಿದರೆ ಬಿಸಿಯಾಗಿದ್ದು, ಜ್ವರವೂ ಇದ್ದರೆ ಅದು ಕೀಲಿನೊಳಗಿನ ಸೋಂಕಾಗಿರಬಹುದು.

ಮಣ್ಣಿನಿಂದ ಕೀಲಿಗೆ

ಇಂಥ ಸೋಂಕಿಗೆ ಸಾಮಾನ್ಯ ಕಾರಣ ಚರ್ಮದ ಮೇಲಿರುವ ಸ್ಟ್ಯಾಫಿಲೊಕಾಕಸ್. ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಅಪರೂಪದ ಬ್ಯಾಕ್ಟೀರಿಯಾಗಳೂ ಕೀಲಿಗೆ ಇಳಿಯುತ್ತವೆ. ಅಂಥದ್ದೊಂದು ಕಾಯಿಲೆ ಮೆಲಿಯಾಯ್ಡೋಸಿಸ್. ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ವೈದ್ಯರು 1912ರಲ್ಲಿ ರಂಗೂನಿನಿಂದ ಇದನ್ನು ಮೊದಲು ವರದಿ ಮಾಡಿದರು.

ಇದರ ಬ್ಯಾಕ್ಟೀರಿಯಾ ಗದ್ದೆಯ ಕೆಸರು, ಒದ್ದೆ ಮಣ್ಣು, ನಿಂತ ನೀರಿನಲ್ಲಿರುತ್ತದೆ. ಕಾಲಿನ ಗಾಯ, ಉಸಿರು ಅಥವಾ ಕುಡಿಯುವ ನೀರಿನ ಮೂಲಕ ದೇಹ ಸೇರಿ, ರಕ್ತದಲ್ಲಿ ಸಾಗಿ ಶ್ವಾಸಕೋಶ, ಯಕೃತ್ತು, ಮೂಳೆ, ಕೀಲುಗಳಲ್ಲಿ ಕೀವು ಕಟ್ಟಿಸುತ್ತದೆ. ಉಡುಪಿ, ದಕ್ಷಿಣ ಕನ್ನಡದಲ್ಲೂ ಇದು ಪತ್ತೆಯಾಗುತ್ತಿದ್ದು, ಮಳೆಗಾಲದಲ್ಲಿ ಹೆಚ್ಚು. ಒಬ್ಬರಿಂದ ಒಬ್ಬರಿಗೆ ಹರಡುವುದು ತೀರಾ ಅಪರೂಪ.

ಸಕ್ಕರೆ ಕಾಯಿಲೆಗೇನು ಸಂಬಂಧ?

ಈ ಸೋಂಕಿಗೆ ಅತಿ ದೊಡ್ಡ ಅಪಾಯಕಾರಿ ಅಂಶವೇ ಸಕ್ಕರೆ ಕಾಯಿಲೆ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ರೋಗಾಣುಗಳನ್ನು ಕೊಲ್ಲುವ ಬಿಳಿ ರಕ್ತಕಣಗಳು ಮಂಕಾಗುತ್ತವೆ. ಕಿಡ್ನಿ ಕಾಯಿಲೆ, ಅತಿಯಾದ ಮದ್ಯಪಾನ, ದೀರ್ಘಕಾಲದ ಸ್ಟೀರಾಯ್ಡ್ ಕೂಡ ಅಪಾಯ ಹೆಚ್ಚಿಸುತ್ತವೆ.

ಏಕೆ ತಡವಾಗಿ ಗೊತ್ತಾಗುತ್ತದೆ?

ಇದು ಟಿಬಿಯಂತೆ ಕಾಣಬಲ್ಲದು. ಆರಂಭದಲ್ಲಿ ಎಕ್ಸ್‌ರೇ ಸಹಜವಾಗಿಯೇ ಇರಬಹುದು. ಕೀಲಿನ ನೀರು ತೆಗೆದು ಕಲ್ಚರ್ ಮಾಡಿದರೆ ಖಚಿತವಾಗುತ್ತದೆ. ಅಲ್ಲೂ ಇದನ್ನು ಬೇರೆ ಬ್ಯಾಕ್ಟೀರಿಯಾ ಎಂದು ತಪ್ಪಾಗಿ ಗುರುತಿಸುವ ಸಾಧ್ಯತೆಯಿದೆ. ಪೆನ್ಸಿಲಿನ್‌ನಂಥ ಹಲವು ಔಷಧಿಗಳಿಗೆ ಇದು ಜಗ್ಗುವುದಿಲ್ಲ. ವಾರಗಟ್ಟಲೆ ಇಂಜೆಕ್ಷನ್, ಆಮೇಲೆ ಕನಿಷ್ಠ 3 ತಿಂಗಳು ಮಾತ್ರೆ ಬೇಕು. ಆರಾಮವಾಯಿತೆಂದು ನಡುವೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು.

ನೀವೇನು ಮಾಡಬೇಕು?

- ಒಂದು ಕೀಲು ದಿಢೀರ್ ಊದಿದರೆ ಅದೇ ದಿನ ವೈದ್ಯರಿಗೆ ತೋರಿಸಿ. ಕೀವು ಕೆಲವೇ ದಿನಗಳಲ್ಲಿ ಕೀಲನ್ನು ಶಾಶ್ವತವಾಗಿ ಹಾಳುಮಾಡಬಲ್ಲದು.
- ಸಕ್ಕರೆ ಕಾಯಿಲೆ ಇರುವುದನ್ನೂ ಕೆಸರಿನಲ್ಲಿ ಕೆಲಸ ಮಾಡಿದ್ದನ್ನೂ ತಪ್ಪದೆ ಹೇಳಿ.
- ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ನುಂಗಬೇಡಿ; ಕಲ್ಚರ್‌ನಲ್ಲಿ ರೋಗಾಣು ಸಿಗದೇ ಹೋಗಬಹುದು.
- ಸೋಂಕಿಲ್ಲ ಎಂದು ಖಚಿತವಾಗುವ ಮೊದಲು ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಬೇಡ.
- ಗದ್ದೆಗಿಳಿಯುವಾಗ ಗಾಯ ಮುಚ್ಚಿ, ಗಮ್‌ಬೂಟ್ ಹಾಕಿ. ನೀರು ಕುದಿಸಿ ಕುಡಿಯಿರಿ.

ಎಲ್ಲ ಮಂಡಿನೋವೂ ಸೋಂಕಲ್ಲ, ಗಾಬರಿ ಬೇಡ. ಆದರೆ ಮುಂದಿನ ಸಲ ಎಣ್ಣೆಯ ಫಾರ್ವರ್ಡ್ ಬಂದಾಗ, ಮನೆಯ ಹಿರಿಯರಿಗೆ ಕಳಿಸುವ ಮುನ್ನ ಒಂದು ಮಾತು ಕೇಳಿ: ಜ್ವರ ಇದೆಯೇ?