ಹನ್ನೊಂದು ತಿಂಗಳ ಬದುಕು

ಮುಂಬಯಿಯಲ್ಲಿ ದುಡಿಯುವ ಕನ್ನಡಿಗರನ್ನು "ಹೇಗಿದ್ದೀರಿ?" ಎಂದು ಕೇಳಿ ನೋಡಿ. ಬಹುಮಂದಿ "ನಡೀತಾ ಇದೆ" ಎನ್ನುತ್ತಾರೆ. ಏನು ನಡೆಯುತ್ತಿದೆ, ಯಾರು ನಡೆಸುತ್ತಿದ್ದಾರೆ, ಯಾವ ದಿಕ್ಕಿಗೆ ನಡೆಯುತ್ತಿದೆ ಎಂಬ ವಿವರ ಆ ಉತ್ತರದಲ್ಲಿ ಇರುವುದಿಲ್ಲ. ಅದೇ ಮಹಾಶಯರನ್ನು "ಊರಿಗೆ ಯಾವಾಗ?" ಎಂದು ಕೇಳಿದರೆ ಸಾಕು, ಮುಖ ಅರಳುತ್ತದೆ. ಮೇ ತಿಂಗಳ ಎರಡನೆಯ ವಾರ, ಟಿಕೆಟು ಆಗಿದೆ, ಹಲಸು ಮುಗಿಯುವ ಮೊದಲು ತಲುಪಬೇಕು, ಮೇಳಗಳು ಗೆಜ್ಜೆ ಬಿಚ್ಚುವ ಮೊದಲು ಒಂದಾದರೂ ಆಟ ನೋಡಬೇಕು. ಹೀಗೆ ಮಾತು ಹರಿಯತೊಡಗುತ್ತದೆ.

ಊರಿನ ಮೇಲಣ ಈ ಮಮತೆಯನ್ನು ಹಾಸ್ಯ ಮಾಡುವ ಉದ್ದೇಶ ನನಗಿಲ್ಲ. ಆದರೆ ಸುಖವನ್ನೆಲ್ಲ ಊರಿನ ಖಾತೆಗೆ ಜಮಾ ಮಾಡಿ, ಶ್ರಮವನ್ನೆಲ್ಲ ಈ ನಗರದ ಖಾತೆಗೆ ಖರ್ಚು ಬರೆಯುವ ನಮ್ಮ ಲೆಕ್ಕಪದ್ಧತಿ, ಬ್ಯಾಂಕಿನಲ್ಲಿ ಮೂರು ದಶಕ ಲೆಕ್ಕ ಬರೆದ ನನಗೆ ಸರಿಕಾಣುವುದಿಲ್ಲ. ಊರಿನಲ್ಲಿ ನಾವು ಕಳೆಯುವುದು ಹದಿನೈದು ದಿನ, ಹೆಚ್ಚೆಂದರೆ ಒಂದು ತಿಂಗಳು. ಉಳಿದ ಹನ್ನೊಂದು ತಿಂಗಳು ಬರಿಯ ಕಾಯುವಿಕೆಯೆ? 1998ರ ಜನವರಿ 26ರಂದು ಕೊಂಕಣ ರೈಲು ಪೂರ್ತಿಯಾಗಿ ತೆರೆದ ಮೇಲೆ ಕರಾವಳಿಯ ಊರುಗಳು ಮುಂಬಯಿಗೆ ಎಷ್ಟೋ ಹತ್ತಿರವಾದುವು. ಆದರೆ ನಮ್ಮ ಈ ಲೆಕ್ಕಪದ್ಧತಿ ಮಾತ್ರ ಹಳೆಯ ಬಸ್ಸಿನ ಕಾಲದಲ್ಲಿ ಇದ್ದಂತೆಯೇ ಇದೆ.

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೆನ್ನುನೋವುಗಳನ್ನು ಕುರಿತು ಬಲ್ಲ ವೈದ್ಯರು ಬರೆಯುವ ಇಂಥ ಸಂಚಿಕೆಯಲ್ಲಿ, ವೈದ್ಯನಲ್ಲದ ನಾನು ದುಡಿಮೆಯ ನಡುವಣ ಚಿಕ್ಕಪುಟ್ಟ ಸಂತೋಷಗಳ ವಿಚಾರವನ್ನು ತಂದು ಸೇರಿಸುತ್ತಿದ್ದೇನೆ. ವಿಷಯ ಹಗುರವೆಂದು ತೋರಬಹುದು. ಅದು ಅಷ್ಟು ಹಗುರವಲ್ಲವೆಂದು ನನಗೆ ಮನವರಿಕೆಯಾದದ್ದು ಇಬ್ಬರು ಸಹೋದ್ಯೋಗಿಗಳನ್ನು ಬಹುಕಾಲ ಹತ್ತಿರದಿಂದ ನೋಡಿದ್ದರಿಂದ.

ಮೊದಲನೆಯವರು ಕುಂದಾಪುರದ ಕಡೆಯವರು, ನಿಷ್ಠಾವಂತರು. ಬೆಳಗ್ಗೆ ಡೊಂಬಿವಲಿಯಿಂದ ಗಾಡಿ ಹಿಡಿದವರು ರಾತ್ರಿ ಎಂಟಕ್ಕೆ ಮನೆ ಸೇರಿದರೆ ಅಂದಿನ ಬದುಕು ಮುಗಿಯಿತು. ಊಟದ ಬಿಡುವಿನಲ್ಲಿ ಎಲ್ಲರೊಡನೆ ಕುಳಿತು ಹರಟಿದವರಲ್ಲ, ಕಿಟಕಿಯಾಚೆ ಮಳೆ ಸುರಿದರೆ ತಲೆಯೆತ್ತಿ ನೋಡಿದವರಲ್ಲ. "ಎಲ್ಲ ನಿವೃತ್ತಿಯಾದ ಮೇಲೆ" ಎನ್ನುತ್ತಿದ್ದರು. ಊರಿನ ಮನೆಗೆ ಹೊಸ ಹಂಚು ಹೊದಿಸಿದರು, ಜಗಲಿಗೊಂದು ಆರಾಮಕುರ್ಚಿ ಮಾಡಿಸಿದರು. ನಿವೃತ್ತರಾದರು, ಹೋದರು. ಹದಿನಾಲ್ಕು ತಿಂಗಳಲ್ಲಿ ಡೊಂಬಿವಲಿಗೆ, ಮಗನ ಮನೆಗೆ ಮರಳಿದರು. ಕಾಯಿಲೆಯಿರಲಿಲ್ಲ, ಮನೆಯಲ್ಲಿ ಮನಸ್ತಾಪವೂ ಇರಲಿಲ್ಲ. ಆ ಕುರ್ಚಿಯಲ್ಲಿ ಕುಳಿತು ಏನು ಮಾಡಬೇಕೆಂಬುದೇ ತಿಳಿಯಲಿಲ್ಲವೆಂದು ಅವರೇ ಹೇಳಿದರು. ಸುಖಪಡುವುದಕ್ಕೂ ಕೈ ಪಳಗಿರಬೇಕಾಗುತ್ತದೆ. ಮೂವತ್ತೆರಡು ವರ್ಷ ಮುಟ್ಟದ ವೀಣೆಯನ್ನು ನಿವೃತ್ತಿಯ ಮರುದಿನ ನುಡಿಸಬಲ್ಲೆನೆಂಬ ಭರವಸೆ ಯಾರಿಗಿದೆ?

ಎರಡನೆಯವರು ಬಿಜಾಪುರ ಜಿಲ್ಲೆಯವರು. ಡೆಸ್ಪ್ಯಾಚ್ ವಿಭಾಗದ ಗುಮಾಸ್ತರು. ಕಾಗದಗಳನ್ನು ಮಡಿಸುವುದು, ಲಕೋಟೆಗೆ ಹಾಕುವುದು, ಚೀಟಿ ಅಂಟಿಸುವುದು, ದಪ್ಪ ಪುಸ್ತಕದಲ್ಲಿ ನಮೂದಿಸುವುದು. ಇದಕ್ಕಿಂತ ನೀರಸವಾದ ಕೆಲಸ ನಮ್ಮ ಕಚೇರಿಯಲ್ಲಿ ಬೇರೊಂದಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಅವರು ಚೀಲ ಹೆಗಲಿಗೇರಿಸಿ "ಊರಿಗೆ ಹೋಗಿ ಬರ್ತೀನ್ರೀ" ಎಂದು ಹೊರಡುತ್ತಿದ್ದರು. ಮುಕ್ಕಾಲು ಗಂಟೆಯಲ್ಲಿ ಮರಳುತ್ತಿದ್ದರು. ಹೋಗುತ್ತಿದ್ದುದು ಬೋರಿಬಂದರಿನ ದೊಡ್ಡ ಅಂಚೆ ಕಚೇರಿಗೆ. 1913ರಲ್ಲಿ ಪೂರ್ಣಗೊಂಡ ಆ ಕಟ್ಟಡದ ಗುಮ್ಮಟಕ್ಕೆ ಬಿಜಾಪುರದ ಗೋಳಗುಮ್ಮಟವೇ ಮಾದರಿ. ಕಟ್ಟಡದ ನಕ್ಷೆ ತಯಾರಿಸಿದವನು ಜಾನ್ ಬೆಗ್ ಎಂಬ ವಾಸ್ತುಶಿಲ್ಪಿ. ದಿನವೂ ಅದರ ಮುಂದೆ ಹಾದುಹೋಗುವ ನಮ್ಮಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆಯೋ! ಅವರಿಗೆ ತಿಳಿದಿತ್ತು. ಗುಮ್ಮಟದ ಕೆಳಗೆ ಎರಡು ನಿಮಿಷ ಸುಮ್ಮನೆ ನಿಂತು ಮೇಲೆ ನೋಡುತ್ತಿದ್ದರಂತೆ. "ಅಲ್ಲಿ ಆಡಿದ ಮಾತು ಏಳೆಂಟು ಸಲ ನಮ್ಮ ಕಿವಿಗೇ ಬರ್ತದ, ಇಲ್ಲಿ ಹಾಕಿದ ಮಾತು ಒಂದೇ ಸಲಕ್ಕೆ ಊರು ಮುಟ್ತದ" ಎಂಬುದು ಅವರು ಎರಡು ಗುಮ್ಮಟಗಳನ್ನು ಹೋಲಿಸಿ ಕೊಟ್ಟ ತೀರ್ಪು.

ಆಮೇಲೆ ಅಂಚೆಚೀಟಿ ಕೊಳ್ಳುತ್ತಿದ್ದರು. ಅದೇ ಬೆಲೆಗೆ ಸಾಮಾನ್ಯ ಚೀಟಿಯ ಬದಲು ಹೊಸದಾಗಿ ಬಂದ ಸ್ಮಾರಕ ಚೀಟಿಗಳನ್ನು ಆರಿಸಿ ತರುತ್ತಿದ್ದರು. ಹಕ್ಕಿ, ಹೂವು, ಹಳೆಯ ರೈಲು ಯಂತ್ರ, ಯಾವುದೋ ಕವಿಯ ಮುಖ. ಯಾವ ಶಾಖೆಗೆ ಯಾವ ಚೀಟಿ ಎಂಬುದರಲ್ಲಿ ಅವರಿಗೊಂದು ನಿಯಮವಿತ್ತು. ಬಯಲುಸೀಮೆಯ ಶಾಖೆಗೆ ಹಡಗು, ಸಮುದ್ರದಂಡೆಯ ಶಾಖೆಗೆ ಬೆಟ್ಟ. ಲೆಕ್ಕ ಕಳುಹಿಸಲು ಸದಾ ತಡಮಾಡುವ ಶಾಖೆಗೆ ರೈಲು ಯಂತ್ರ. ಕಚೇರಿಗೆ ಒಂದು ಪೈಸೆಯ ನಷ್ಟವಿಲ್ಲ. ದೂರದ ಶಾಖೆಯೊಂದರ ಮ್ಯಾನೇಜರರ ಮಗಳು ಆ ಲಕೋಟೆಗಳ ಮೂಲೆಯನ್ನು ಕತ್ತರಿಸಿ ಜೋಪಾನ ಮಾಡುತ್ತಿದ್ದಳೆಂದು, ಆ ಮ್ಯಾನೇಜರರು ವರ್ಗವಾಗಿ ಮುಂಬಯಿಗೆ ಬಂದಾಗ ತಿಳಿಯಿತು. ಗುಮಾಸ್ತರು ಅದನ್ನು ಕೇಳಿ ಸಂತೋಷಪಟ್ಟರು. ಅಷ್ಟೇನೂ ಆಶ್ಚರ್ಯಪಟ್ಟಂತೆ ಕಾಣಲಿಲ್ಲ.

ಮುಂದೆ ಕಚೇರಿಗೆ ಮುದ್ರೆಯೊತ್ತುವ ಯಂತ್ರ ಬಂತು. ಚೀಟಿಗೆ ಬದಲಾಗಿ ಪ್ರತಿ ಲಕೋಟೆಗೂ ಒಂದೇ ಬಗೆಯ ಕೆಂಪು ಗುರುತು. ಯಂತ್ರ ತರಿಸಿದವರದು ತಪ್ಪೆನ್ನುವಂತಿಲ್ಲ. ಅದರಿಂದ ವೇಳೆ ಉಳಿಯುತ್ತಿತ್ತು. ಆದರೆ ಅದರಿಂದ ಏನು ಹೋಯಿತೆಂಬುದು ಯಾವ ಟಿಪ್ಪಣಿಯಲ್ಲಿಯೂ ದಾಖಲಾಗಲಿಲ್ಲ. ಗುಮಾಸ್ತರು ಕೆಲವು ದಿನ ಮಾತು ಕಡಮೆ ಮಾಡಿದರು. ಶುಕ್ರವಾರದ "ಊರಿಗೆ ಹೋಗಿ ಬರ್ತೀನ್ರೀ" ಮಾತ್ರ ನಿಲ್ಲಲಿಲ್ಲ. ಕೊಳ್ಳಲು ಬೇರೇನೂ ಇಲ್ಲದ್ದರಿಂದ ಒಂದು ಪೋಸ್ಟ್ ಕಾರ್ಡು ಕೊಂಡು ಬರುತ್ತಿದ್ದರು.

ಇವರಿಬ್ಬರಲ್ಲಿ ಸಂಬಳ ಹೆಚ್ಚಿದ್ದುದು ಮೊದಲನೆಯವರಿಗೆ. ಊರಿನಲ್ಲಿ ಮನೆ, ಜಮೀನು ಇದ್ದುದೂ ಅವರಿಗೇ. ಎರಡನೆಯವರ ಬಳಿ ಇದ್ದುದು ತಮ್ಮ ಕೆಲಸದ ಒಂದು ಮೂಲೆ. ಆ ಮೂಲೆಯಲ್ಲಿ ಅವರೇ ಯಜಮಾನರು. ದುಡಿಮೆಯ ನಡುವಣ ಸಣ್ಣ ಸಂತೋಷವೆಂದರೆ ನನ್ನ ಮಟ್ಟಿಗೆ ಇದೇ. ಮನರಂಜನೆ ಬೇರೆ, ಅದನ್ನು ಹಣ ಕೊಟ್ಟು ಕೊಳ್ಳಬಹುದು. ವಿಶ್ರಾಂತಿಯೂ ಬೇರೆ. ಯಾರೋ ಹೇಳಿದ ಕೆಲಸವನ್ನು ಯಾರೋ ಹೇಳಿದ ಹೊತ್ತಿನಲ್ಲಿ ಮಾಡುವಾಗಲೂ, ಅದರಲ್ಲಿ ಎಳ್ಳಷ್ಟನ್ನು ತನ್ನ ಮನಸ್ಸಿಗೆ ತೋರಿದಂತೆ ಮಾಡಿಕೊಳ್ಳುವ ಸಲಿಗೆ ಮೂರನೆಯದೊಂದು ವಸ್ತು.

ಕಣ್ಣಿಟ್ಟು ನೋಡಿದರೆ ಈ ನಗರದಲ್ಲಿ ಅದು ಎಲ್ಲೆಲ್ಲಿಯೂ ಕಾಣುತ್ತದೆ. ಟಿಕೆಟು ಯಂತ್ರ ಬರುವ ಮೊದಲು ಬೆಸ್ಟ್ ಬಸ್ಸಿನ ಕಂಡಕ್ಟರರ ಕೈಯಲ್ಲಿ ಚೀಟಿಗೆ ತೂತು ಹಾಕುವ ಇಕ್ಕಳವಿರುತ್ತಿತ್ತು. ಅದನ್ನು ಕಂಬಿಗೆ ತಾಗಿಸಿ ಟಿಕ್ ಟಿಕ್ ಎನಿಸುವುದರಲ್ಲಿ ಒಬ್ಬೊಬ್ಬರದು ಒಂದೊಂದು ತಾಳ. ನಮ್ಮ ಉಡುಪಿ ಹೋಟೆಲಿನ ದೋಸೆ ಭಟ್ಟರನ್ನು ನೋಡಿ. ಕಾದ ಕಾವಲಿಗೆ ನೀರು ಚಿಮುಕಿಸಿ, ಸದ್ದನ್ನು ಆಲಿಸಿ, ಹಿಡಿಸೂಡಿಯಿಂದ ಒಮ್ಮೆ ಸವರಿ ಹಿಟ್ಟು ಹುಯ್ಯುತ್ತಾರೆ. ಮಾಟುಂಗದಲ್ಲಿ ನಾನು ಕಂಡ ಒಬ್ಬರು, ಸೌಟಿನಲ್ಲಿ ಉಳಿದ ಹಿಟ್ಟಿನಿಂದ ಕಾವಲಿಯ ಅಂಚಿನಲ್ಲಿ ರೂಪಾಯಿಯಗಲದ ಒಂದು ಮರಿದೋಸೆ ಹುಯ್ದು, ಮಸಾಲೆ ದೋಸೆಯ ಪಕ್ಕಕ್ಕೆ ಇಟ್ಟು ಕಳುಹಿಸುತ್ತಿದ್ದರು. ಅದು ಚಿಕ್ಕ ಮಕ್ಕಳಿರುವ ಮೇಜಿಗೆ ಮಾತ್ರ. ಅಡಿಗೆಮನೆಯ ಕಂಡಿಯಿಂದ ಮೇಜುಗಳತ್ತ ಅವರು ಆಗಾಗ ಏಕೆ ಇಣುಕುತ್ತಾರೆಂಬುದು ಆಗ ಅರ್ಥವಾಯಿತು. ದಸರೆಯ ಹೊತ್ತಿಗೆ ಲೋಕಲ್ ಗಾಡಿಯ ನಿತ್ಯಪ್ರಯಾಣಿಕರು ತಮ್ಮ ಡಬ್ಬಿಗೆ ಹೂಮಾಲೆ, ಬಣ್ಣದ ಕಾಗದ ಕಟ್ಟಿ ಪೂಜೆ ಮಾಡುತ್ತಾರೆ. ನಮ್ಮ ಆಯುಧಪೂಜೆಯಂದು ಕಚೇರಿಯ ಕಂಪ್ಯೂಟರಿನ ಮೂಷಿಕಕ್ಕೂ ಕುಂಕುಮದ ಬೊಟ್ಟು ಬೀಳುತ್ತದೆ, ಗಣಪತಿ ಜತೆಗಿಲ್ಲದಿದ್ದರೂ.

ದೊಡ್ಡವರ ಉದಾಹರಣೆ ಬೇಕೆನ್ನುವವರಿಗೆ ಮೈಸೂರಿನಿಂದ ಬಂದ ಆರ್. ಕೆ. ಲಕ್ಷ್ಮಣರಿದ್ದಾರೆ. 1951ರಿಂದ ದಶಕಗಳ ಕಾಲ ಟೈಮ್ಸ್ ಆಫ್ ಇಂಡಿಯಾದ ಮುಖಪುಟಕ್ಕೆ ಚಿಕ್ಕ ವ್ಯಂಗ್ಯಚಿತ್ರವನ್ನು ಒದಗಿಸಿದವರು. ಅದು ಗಡಿಯಾರದೊಡನೆ ಓಡುವ ಕೂಲಿ. ಆದರೆ ಅವರ ಪ್ರೀತಿಯ ಹಕ್ಕಿ ಕಾಗೆ. ಬಾಲ್ಯದಿಂದಲೂ ಕಾಗೆಗಳನ್ನು ನೋಡುತ್ತಿದ್ದರು, ಬರೆಯುತ್ತಿದ್ದರು. ಮುಂಬಯಿಯಲ್ಲಿ ಕಾಗೆಗೆ ಕೊರತೆಯಿಲ್ಲ! ನಾವು ಓಡಿಸುವ ಹಕ್ಕಿಯನ್ನು ಅವರು ಕೂಡಿಸಿ ನೋಡಿದರು. ಇದೇ ಲಕ್ಷ್ಮಣರು ಆರಂಭದ ದಿನಗಳಲ್ಲಿ ಚಿತ್ರ ಬರೆದ ಕನ್ನಡದ 'ಕೊರವಂಜಿ'ಯನ್ನು 1942ರಲ್ಲಿ ಆರಂಭಿಸಿ 1967ರವರೆಗೆ ನಡೆಸಿದವರು 'ರಾಶಿ', ಅಂದರೆ ಡಾಕ್ಟರ್ ಎಂ. ಶಿವರಾಂ. ವೃತ್ತಿಯಿಂದ ವೈದ್ಯರು. ಮನಸ್ಸಿನ ವ್ಯಾಪಾರಗಳನ್ನು ಕುರಿತ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ರೋಗಿಗಳ ನಡುವೆ ಕುಳಿತ ವೈದ್ಯರು ಇಪ್ಪತ್ತೈದು ವರ್ಷ ಹಾಸ್ಯಪತ್ರಿಕೆ ನಡೆಸಿದುದನ್ನು ನಾನು ಆಕಸ್ಮಿಕವೆಂದು ತಿಳಿಯಲಾರೆ.

ವೈದ್ಯಶಾಸ್ತ್ರ ಈ ವಿಷಯದಲ್ಲಿ ಏನಾದರೂ ಹೇಳುತ್ತದೆಯೆ? ಲಂಡನ್ನಿನ ಸರಕಾರಿ ನೌಕರರ ಮೇಲೆ 1967ರಲ್ಲಿ ಆರಂಭವಾದ 'ವೈಟ್‌ಹಾಲ್' ಅಧ್ಯಯನ ಪ್ರಸಿದ್ಧವಾಗಿದೆ. 17,000ಕ್ಕೂ ಹೆಚ್ಚು ಗಂಡಸರನ್ನು ವರ್ಷಗಟ್ಟಲೆ ಗಮನಿಸಿದಾಗ, ಹೃದ್ರೋಗದಿಂದ ಸಾಯುವವರು ಮೇಲಧಿಕಾರಿಗಳಿಗಿಂತ ಕೆಳದರ್ಜೆಯ ನೌಕರರಲ್ಲಿಯೇ ಹೆಚ್ಚೆಂದು ಕಂಡುಬಂತು. ಜವಾಬ್ದಾರಿಯ ಭಾರದಿಂದ ಸಾಹೇಬರ ಹೃದಯವೇ ಮೊದಲು ಕೆಡುತ್ತದೆಂಬ ನಂಬಿಕೆ ಇದರಿಂದ ಬುಡಮೇಲಾಯಿತು. ಬೀಡಿ ಸಿಗರೇಟು, ರಕ್ತದೊತ್ತಡ, ಕೊಬ್ಬು ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿದರೂ ಆ ಅಂತರ ಪೂರ್ತಿಯಾಗಿ ಅಳಿಯಲಿಲ್ಲ. 1985ರಲ್ಲಿ ಮೈಕೆಲ್ ಮಾರ್ಮಟ್ ಅವರ ನೇತೃತ್ವದಲ್ಲಿ ತೊಡಗಿದ ಎರಡನೆಯ ಅಧ್ಯಯನವು, ತನ್ನ ಕೆಲಸದ ಮೇಲೆ ತನಗೆ ಹಿಡಿತವಿಲ್ಲದಿರುವುದಕ್ಕೂ ಹೃದ್ರೋಗಕ್ಕೂ ನಂಟಿದೆಯೆಂದು ತೋರಿಸಿತು. ಅಂಚೆಚೀಟಿ ಆರಿಸಿದರೆ ಹೃದಯ ಗಟ್ಟಿಯಾಗುತ್ತದೆಂದು ಆ ವಿದ್ವಾಂಸರು ಹೇಳಿಲ್ಲ, ನಾನೂ ಹೇಳುವುದಿಲ್ಲ. ವೈದ್ಯರು ಬರೆದ ಗುಳಿಗೆಗಳನ್ನು ದಯವಿಟ್ಟು ನುಂಗುತ್ತಿರಿ. ಆದರೆ ಕೈಯಲ್ಲಿನ ಕೆಲಸ ಎಳ್ಳಷ್ಟೂ ತನ್ನದಲ್ಲವೆಂಬ ಭಾವನೆ ಬರಿಯ ಬೇಸರವಲ್ಲ, ಅದರ ಬೆಲೆಯನ್ನು ಶರೀರವೂ ತೆರಬಹುದು ಎಂಬಷ್ಟನ್ನು ಒಪ್ಪಬೇಕಾಗುತ್ತದೆ.

ಆದುದರಿಂದಲೇ ಈಗಿನ ಕೆಲವು ಕಂಪನಿಗಳ ವಿನೋದ ಕಾರ್ಯಕ್ರಮಗಳನ್ನು ಕಂಡರೆ ನನಗೆ ನಗು ಬರುವುದಿಲ್ಲ. ಶುಕ್ರವಾರ ಸಂಜೆ ನಾಲ್ಕು ಗಂಟೆಗೆ ಎಲ್ಲರೂ ಬಣ್ಣದ ಟೋಪಿ ಧರಿಸಿ ಸಂತೋಷದಿಂದಿರತಕ್ಕದ್ದು ಎಂಬ ಸುತ್ತೋಲೆ ಹೊರಟರೆ, ಅದು ಇನ್ನೊಂದು ಕೆಲಸವಾಯಿತಲ್ಲದೆ ಬೇರೇನಾಯಿತು? ಹತ್ತು ಗಂಟೆ ದುಡಿಸಿ, ರಜೆ ಕೇಳಿದರೆ ಹುಬ್ಬುಗಂಟಿಕ್ಕಿ, ಮೇಲೆ ಒಂದು ಟೋಪಿ ಕೊಡುವುದು ನ್ಯಾಯವಲ್ಲ. ಸಣ್ಣ ಸಂತೋಷ ಸಂಬಳಕ್ಕೆ ಬದಲಿಯಲ್ಲ, ನಿದ್ರೆಗೂ ಬದಲಿಯಲ್ಲ. ಇನ್ನು ನಮ್ಮ ಜೇಬಿನ ಫೋನು! ಗಾಡಿಯಲ್ಲಿ ಕಳೆಯುವ ಒಂದೂವರೆ ಗಂಟೆ ಹಿಂದೆ ಯಾರ ಖಾತೆಗೂ ಸೇರದೆ ನಮ್ಮದಾಗಿತ್ತು: ಇಸ್ಪೀಟು, ಭಜನೆ, ತೂಕಡಿಕೆ, ಸುಮ್ಮನೆ ನೋಟ. ಈಗ ಸಾಹೇಬರ ಪ್ರಶ್ನೆ ಠಾಣೆಯಲ್ಲಿ ಏರಿ ಕುರ್ಲಾದಲ್ಲಿ ಉತ್ತರ ಕೇಳುತ್ತದೆ. ಅದಕ್ಕೆ ಕಚೇರಿ ತಲುಪಿದ ಮೇಲೆಯೇ ಉತ್ತರಿಸುವ ಧೈರ್ಯವನ್ನು ತರುಣರು ಬೆಳೆಸಿಕೊಳ್ಳಬೇಕೆಂಬುದು ನನ್ನ ಅಭಿಮತ.

ಗಂಡಸರಿಗೆ ಕಿವಿಮಾತೊಂದಿದೆ. 1992ರಲ್ಲಿ ಪಶ್ಚಿಮ ರೈಲ್ವೆ ಚರ್ಚ್‌ಗೇಟಿನಿಂದ ಬೊರಿವಲಿಗೆ ಮಹಿಳೆಯರಿಗೆಂದೇ ವಿಶೇಷ ಗಾಡಿ ಆರಂಭಿಸಿತು. ಸಂಜೆಯ ಹೊತ್ತು ಮಹಿಳೆಯರ ಡಬ್ಬಿಗಳಲ್ಲಿ ಬಟಾಣಿ ಸುಲಿಯುತ್ತ, ಮೆಂತೆ ಸೊಪ್ಪು ಬಿಡಿಸುತ್ತ, ಹಾಡುತ್ತ ನಗುತ್ತ ಮನೆಗೆ ಹೋಗುವ ಉದ್ಯೋಗಸ್ಥೆಯರನ್ನು ಕುರಿತು ಪತ್ರಿಕೆಗಳು ಬಹಳ ಮೆಚ್ಚಿ ಬರೆಯುತ್ತವೆ. ಆ ನಗು ನಿಜವಾದದ್ದೇ. ಆ ಬಟಾಣಿ ಮಾತ್ರ ಮನೆಯ ದುಡಿಮೆಯೇ ಗಾಡಿಗೆ ಬಂದದ್ದು. ಅದನ್ನು ಮನೆಯಲ್ಲಿ ಬೇರೆ ಯಾರಾದರೂ ಸುಲಿದಿದ್ದರೆ ಅವರು ಬರಿಗೈಯಲ್ಲಿ ಕಿಟಕಿಯಾಚೆ ನೋಡಬಹುದಿತ್ತು.

ನಮ್ಮ ಸಂಘಕ್ಕೆ ಒಂದು ಸೂಚನೆ ಮಾಡಿ ಮುಗಿಸುತ್ತೇನೆ. ಮುಂದಿನ ವರ್ಷದ ಸಂಚಿಕೆಯಲ್ಲಿ ಜಾಹೀರಾತುಗಳ ನಡುವೆ ನಾಲ್ಕು ಪುಟ ಬಿಡಿಸಿ, ಸದಸ್ಯರು ತಮ್ಮ ದುಡಿಮೆಯ ಸ್ಥಳದಲ್ಲಿ ಕಂಡುಕೊಂಡ ಇಂಥ ಮೂಲೆಗಳನ್ನು ಕುರಿತು ಬರೆಸಬೇಕು. ಹೋಟೆಲಿನವರು, ಬ್ಯಾಂಕಿನವರು, ಕಾರ್ಖಾನೆಯವರು, ಶಾಲೆಯವರು ಎಲ್ಲರೂ ಬರೆಯಲಿ. ಗೃಹಿಣಿಯರ ದುಡಿಮೆಯನ್ನು ಮರೆಯಬಾರದು. ನನಗೆ ಈಗಾಗಲೇ ಒಂದು ದೊರೆತಿದೆ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ದಾದಿಯೊಬ್ಬರು, ನಸುಕಿನಲ್ಲಿ ಮೊದಲ ಲೋಕಲಿನ ಸದ್ದು ಕೇಳಿದೊಡನೆ ವಾರ್ಡಿನ ಕೊನೆಯ ಕಿಟಕಿಯನ್ನು ಅರ್ಧ ತೆರೆಯುತ್ತಾರೆ. ಏಕಮ್ಮಾ ಎಂದು ಕೇಳಿದರೆ "ರೋಗಿಗಳಿಗೆ ಗಾಳಿ ಬರಲಿ ಅಂತ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನನಗೂ" ಎಂದರು.

ಬರಹ ಅರ್ಧ ಪುಟ ಮೀರಬೇಕಾಗಿಲ್ಲ. ಬಿಡುವಿಲ್ಲದವರು ಒಂದು ಪೋಸ್ಟ್ ಕಾರ್ಡಿನಲ್ಲಿ ನಾಲ್ಕು ಸಾಲು ಬರೆದು ಸಂಪಾದಕರಿಗೆ ಕಳುಹಿಸಿದರೂ ನಡೆಯುತ್ತದೆ. ಬೋರಿಬಂದರಿನ ಕಡೆ ಕೆಲಸವಿರುವವರು ಅದನ್ನು ಗುಮ್ಮಟದ ಕೆಳಗಿನ ಡಬ್ಬಿಗೇ ಹಾಕಬಹುದು.