ಪೇಪರ್ ಬರೆಯುವುದೆಂದರೆ ಫಾರ್ಮು ತುಂಬುವುದೇ?

ಕಳೆದ ಮಳೆಗಾಲ ಮುಗಿಯುತ್ತಿದ್ದ ಹೊತ್ತಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಗನನ್ನು ಕರೆದುಕೊಂಡು ಇನ್ನಂಜೆಯ ನಮ್ಮ ಮನೆಗೆ ಬಂದ. ಅವನ ಕೈಯಲ್ಲಿ ಸಿಹಿತಿಂಡಿಯ ಪೊಟ್ಟಣ, ಮಗನ ಕೈಯಲ್ಲಿ ಬಣ್ಣದ ಅಂಚಿನ ಪ್ರಮಾಣಪತ್ರ. "ಮಾಷ್ಟ್ರೇ, ಇವನ ಪೇಪರ್ ಇಂಟರ್‌ನ್ಯಾಷನಲ್ ಜರ್ನಲಿನಲ್ಲಿ ಬಂದಿದೆ, ನಿಮ್ಮ ಆಶೀರ್ವಾದ ಬೇಕು" ಎಂದ. ಆಗಷ್ಟೇ ಸಿವಿಲ್ ಇಂಜಿನಿಯರಿಂಗ್ ಮುಗಿಸಿದ್ದ ಹುಡುಗ ಕಾಲಿಗೆರಗಿದ. ನನಗೂ ಸಂತೋಷವಾಯಿತು. ನಿವೃತ್ತ ಮಾಸ್ತರನಿಗೆ ಇದಕ್ಕಿಂತ ದೊಡ್ಡ ಪಿಂಚಣಿ ಇನ್ನೇನಿದೆ?

ಪೇಪರಿನ ವಿಷಯ ನನಗೆ ಅಪರಿಚಿತವಾಗಿರಲಿಲ್ಲ. ಬೇಸಗೆಯಲ್ಲಿ ಹೊಳೆಯೊಳಗೆ ಉಪ್ಪುನೀರು ಏರಿದಾಗ ಸುತ್ತಲಿನ ಬಾವಿಗಳ ನೀರು ಎಷ್ಟರಮಟ್ಟಿಗೆ ಉಪ್ಪಾಗುತ್ತದೆ ಎಂಬುದು ಅವನ ಪ್ರಾಜೆಕ್ಟು. ಮಟ್ಟುವಿನಲ್ಲಿ ಗುಳ್ಳ ಬೆಳೆಯುವವರಿಂದ ಹಿಡಿದು ಶಂಕರಪುರದಲ್ಲಿ ಮಲ್ಲಿಗೆ ಬೆಳೆಯುವವರ ತನಕ ನಮ್ಮ ಕಾಪು ಸೀಮೆಯವರಿಗೆ ಇದು ಬದುಕಿನ ಪ್ರಶ್ನೆ. ಮಳೆ ನಿಂತ ಮೇಲೆ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಹಾಕುವುದೂ ಇದೇ ಕಾರಣಕ್ಕೆ. ಮೇಲಿನಿಂದ ಬಂದ ಸಿಹಿನೀರು ನಿಲ್ಲಬೇಕು, ಕೆಳಗಿನಿಂದ ಉಪ್ಪುನೀರು ಏರಬಾರದು. ಹುಡುಗ ಫೆಬ್ರವರಿಯಿಂದ ಮೇ ತನಕ ಪ್ರತಿ ತಿಂಗಳೂ ಹನ್ನೆರಡು ಬಾವಿಗಳಿಂದ ನೀರು ಒಯ್ದು, ಸಿಲ್ವರ್ ನೈಟ್ರೇಟ್ ದ್ರಾವಣದಿಂದ ಅದರೊಳಗಿನ ಕ್ಲೋರೈಡನ್ನು ಅಳೆದಿದ್ದ. ಹೊಳೆಯಿಂದ ಅತ್ಯಂತ ದೂರದ, ಹನ್ನೆರಡನೆಯ ಬಾವಿ ನಮ್ಮ ಮನೆಯದು. ಕೊಡಪಾನ ಇಳಿಸಿ ಅವನ ಬಾಟಲಿ ತುಂಬಿಸಿಕೊಟ್ಟವನು ನಾನೇ.

ಹಾಗಾಗಿ ಕನ್ನಡಕ ಹಾಕಿಕೊಂಡು ಓದತೊಡಗಿದೆ. ಆರು ಪುಟ, ಎರಡು ಕಾಲಮ್ಮು, ಸಣ್ಣ ಅಕ್ಷರ. ಹುಡುಗನ ಹೆಸರಿಗಿಂತ ಮೊದಲು ಮೂವರು ದೊಡ್ಡವರ ಹೆಸರು. ಆ ಮೂವರಲ್ಲಿ ಯಾರೂ ನಮ್ಮ ಊರಿನ ಬಾವಿಕಟ್ಟೆ ಹತ್ತಿದ್ದನ್ನು ನಾನು ಕಂಡಿಲ್ಲ. ಆಮೇಲೊಂದು ಗ್ರಾಫು. ಹೊಳೆಯಿಂದ ದೂರ ಹೋದಂತೆ ಉಪ್ಪು ಕಡಿಮೆಯಾಗುತ್ತದೆ ಎಂದು ತೋರಿಸುವ ಚೆಂದದ ಇಳಿಜಾರು ಗೆರೆ, ಅದರ ಮೇಲೆ ಚುಕ್ಕಿಗಳು. ಎಣಿಸಿದೆ. ಹನ್ನೊಂದು ಇದ್ದವು.

"ನಮ್ಮ ಬಾವಿ ಎಲ್ಲಿ ಮಗಾ?"

"ಸಾರ್, ನಿಮ್ಮ ಬಾವಿಯ ಲೆಕ್ಕ ಸರಿ ಬರಲಿಲ್ಲ. ಅಷ್ಟು ದೂರದಲ್ಲಿದ್ದೂ ಕ್ಲೋರೈಡ್ ಜಾಸ್ತಿ. ಆ ಒಂದು ಚುಕ್ಕಿ ಇದ್ದರೆ ಗೆರೆ ಹಾಳಾಗುತ್ತದೆ, ತೆಗೆದುಬಿಡು ಎಂದು ಗೈಡ್ ಹೇಳಿದರು."

"ತೆಗೆದಿದ್ದೇನೆ ಎಂದು ಎಲ್ಲಾದರೂ ಬರೆದಿದ್ದೀಯಾ?"

"ಇಲ್ಲ ಸಾರ್. ಆರು ಪುಟದೊಳಗೆ ಮುಗಿಸಬೇಕಿತ್ತು."

ಪ್ರಬಂಧ ಕಳುಹಿಸಿದ ನಾಲ್ಕನೆಯ ದಿನಕ್ಕೆ ಸ್ವೀಕೃತವಾಯಿತಂತೆ. ಶುಲ್ಕ ಕಟ್ಟಿದ ಮೇಲೆ ಪ್ರಕಟವಾಯಿತಂತೆ. ಪರಿಶೀಲಕರು ಏನಾದರೂ ಕೇಳಿದರೇ ಎಂದು ವಿಚಾರಿಸಿದೆ. ಕೇಳಿದ್ದರು. ಚಿತ್ರದ ಶೀರ್ಷಿಕೆ ಚಿತ್ರದ ಕೆಳಗೆ, ಕೋಷ್ಟಕದ ಶೀರ್ಷಿಕೆ ಕೋಷ್ಟಕದ ಮೇಲೆ ಇರಬೇಕು, ಉಲ್ಲೇಖದ ಸಂಖ್ಯೆ ಚೌಕ ಆವರಣದಲ್ಲಿರಬೇಕು ಎಂದಿದ್ದರು. ನೀರಿನ ಬಗ್ಗೆ ಒಂದು ಮಾತೂ ಇಲ್ಲ!

ಆ ಸಂಜೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕಾಗಿ ಈ ಬರಹ. ನನ್ನ ವಿದ್ಯಾರ್ಥಿಗಳಲ್ಲಿ, ಬಂಧುಗಳಲ್ಲಿ ಅನೇಕರು ಇಂದು ಇಂಜಿನಿಯರುಗಳು. ಕೆಲವರು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಪಾಠ ಹೇಳುವವರು. ಅವರಿಗೆ ಇದು ಹಿಡಿಸದಿರಬಹುದು. ಹಿಡಿಸದಿದ್ದರೂ ಕೊನೆಯ ತನಕ ಓದಬೇಕೆಂದು ವಿನಂತಿ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ನಾನು ಫಾರ್ಮ್ಯಾಟಿನ ಶತ್ರುವಲ್ಲ. ತಾಂತ್ರಿಕ ಪ್ರಬಂಧದ ಪ್ರತಿಯೊಂದು ಕಟ್ಟುಪಾಡಿನ ಹಿಂದೆಯೂ ಓದುಗನ ಮೇಲಿನ ಕಾಳಜಿಯಿದೆ. ಪೂರ್ತಿ ಓದಬೇಕೋ ಬೇಡವೋ ಎಂದು ಒಂದು ನಿಮಿಷದಲ್ಲಿ ನಿರ್ಧರಿಸಬೇಕಾದವನಿಗಾಗಿ ಸಾರಾಂಶವಿದೆ. ನಮ್ಮ ಮಾತನ್ನು ನಂಬದೆ ತಾನೇ ಮಾಡಿ ನೋಡಬೇಕೆನ್ನುವವನಿಗಾಗಿ ವಿಧಾನದ ಭಾಗವಿದೆ. ಗೆರೆಯನ್ನು ಬದಿಗಿಟ್ಟು ಅಳತೆಯನ್ನೇ ನೋಡಬಯಸುವವನಿಗಾಗಿ ಕೋಷ್ಟಕವಿದೆ. ಉಲ್ಲೇಖವೆಂಬುದು ಸಾಲ ಒಪ್ಪಿಕೊಳ್ಳುವ ಚೀಟಿ. ಎರಡು ಕಾಲಮ್ಮು ಕೂಡ ಅಲಂಕಾರವಲ್ಲ. ಸಣ್ಣ ಅಕ್ಷರದ ಸಾಲು ಉದ್ದವಾದರೆ ಕಣ್ಣು ದಾರಿ ತಪ್ಪುತ್ತದೆ.

ಇಂದು ಇಂಜಿನಿಯರಿಂಗ್ ಪ್ರಬಂಧಗಳನ್ನು ಜೋಡಿಸಲು ಬಳಸುವ ಲೇಟೆಕ್ ಎಂಬ ವ್ಯವಸ್ಥೆಯ ಮೂಲವನ್ನೇ ನೋಡಿ. 1977ರಲ್ಲಿ ಡೊನಾಲ್ಡ್ ಕನೂತ್ ಎಂಬ ಗಣಕ ವಿಜ್ಞಾನಿಗೆ ತನ್ನ ಪುಸ್ತಕದ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡಚ್ಚು ಬಂತು. ಗಣಿತದ ಅಕ್ಷರಗಳು ಅಸಹ್ಯವಾಗಿದ್ದವು. ಆತ ತನ್ನ ಬರವಣಿಗೆಯನ್ನು ಬದಿಗಿಟ್ಟು, ಅಕ್ಷರ ಜೋಡಿಸುವ ಟೆಕ್ ಎಂಬ ವ್ಯವಸ್ಥೆಯನ್ನೇ ಕಟ್ಟಲು ಕುಳಿತ. ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ ರೂಪಿಸಿದ ಲೇಟೆಕ್ ಅದರ ಮೇಲೆಯೇ ನಿಂತಿದೆ. ಹೇಳಬೇಕಾದದ್ದು ಇದ್ದವನು ಅದು ಸ್ವಚ್ಛವಾಗಿ ಕಾಣಲಿ ಎಂದು ಪಟ್ಟ ಶ್ರಮ ಅದು. ನಮ್ಮಲ್ಲಿ ಅದು ತಲೆಕೆಳಗಾಗಿದೆ. ಮೊದಲು ಟೆಂಪ್ಲೇಟು ಇಳಿಸಿಕೊಳ್ಳುವುದು, ಆಮೇಲೆ ಅದರೊಳಗೆ ಏನನ್ನು ತುಂಬುವುದೆಂದು ಹುಡುಕುವುದು.

ಹಾಗಾದರೆ ಹೇಗೆ ಬರೆಯಬೇಕು? ನಮ್ಮ ನಾಡಿನಲ್ಲೇ ಉದಾಹರಣೆಯಿದೆ. 1928ರ ಮಾರ್ಚ್ 16ರಂದು ಸಿ.ವಿ. ರಾಮನ್ ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ, ತಾವು ಕಂಡ ಹೊಸ ವಿಕಿರಣದ ಬಗ್ಗೆ ಉಪನ್ಯಾಸ ಮಾಡಿದರು. ಆ ಉಪನ್ಯಾಸವೇ 'ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್'ನಲ್ಲಿ ಅಚ್ಚಾಗಿ ಲೋಕದ ವಿಜ್ಞಾನಿಗಳ ಕೈಸೇರಿತು. ಅದೇ ತಿಂಗಳ 31ರ 'ನೇಚರ್' ಪತ್ರಿಕೆಯಲ್ಲಿ ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಅವರ ಕಿರುಟಿಪ್ಪಣಿಯೂ ಬಂತು. ಎರಡು ವರ್ಷದಲ್ಲಿ ನೊಬೆಲ್ ಬಂದದ್ದು ನಿಮಗೆಲ್ಲ ತಿಳಿದದ್ದೇ. ದ್ರವದಿಂದ ಚದುರಿದ ಬೆಳಕಿನಲ್ಲಿ ಇರಬಾರದ ಬಣ್ಣವೊಂದು ಕ್ಷೀಣವಾಗಿ ಕಾಣಿಸಿಕೊಂಡಿತ್ತು. ಅದನ್ನು ದ್ರವದೊಳಗಿನ ಕಲ್ಮಶವೆಂದು ತಳ್ಳಿಹಾಕುವುದು ಬಲು ಸುಲಭವಾಗಿತ್ತು. ಅವರು ದ್ರವವನ್ನು ಮತ್ತೆ ಮತ್ತೆ ಶುದ್ಧೀಕರಿಸಿ ನೋಡಿದರು. ಬಣ್ಣ ಹೋಗಲಿಲ್ಲ. ಆ ಹೋಗದ ಬಣ್ಣಕ್ಕೇ ರಾಮನ್ ಪರಿಣಾಮವೆಂದು ಹೆಸರು. ಗೆರೆ ಹಾಳಾಗುತ್ತದೆ, ತೆಗೆದುಬಿಡು ಎಂದು ಹೇಳುವ ಗೈಡ್ ಅವರಿಗೆ ಸಿಗಲಿಲ್ಲ ಎಂಬುದು ಈ ದೇಶದ ಪುಣ್ಯ!

ಇನ್ನು ಇಂದಿನ ಮಾತು. ಪಿಎಚ್.ಡಿ. ಪ್ರಬಂಧ ಒಪ್ಪಿಸುವ ಮೊದಲು ಜರ್ನಲಿನಲ್ಲಿ ಒಂದು ಪೇಪರಾದರೂ ಪ್ರಕಟವಾಗಿರಲೇಬೇಕೆಂದು 2016ರಲ್ಲಿ ಯು.ಜಿ.ಸಿ. ನಿಯಮ ಮಾಡಿತು. ಬೇಡಿಕೆ ಹುಟ್ಟಿದಲ್ಲಿ ಅಂಗಡಿ ಹುಟ್ಟುತ್ತದೆ. 2018ರ ಮೇ ತಿಂಗಳಲ್ಲಿ ಅದೇ ಯು.ಜಿ.ಸಿ. ತನ್ನ ಮಾನ್ಯತಾ ಪಟ್ಟಿಯಿಂದ 4,305 ಜರ್ನಲುಗಳನ್ನು ಕಿತ್ತುಹಾಕಬೇಕಾಯಿತು. 2022ರಲ್ಲಿ ಆ ಕಡ್ಡಾಯವನ್ನೇ ಕೈಬಿಟ್ಟಿತು. ಆದರೆ ಅಂಗಡಿಗಳು ಮುಚ್ಚಲಿಲ್ಲ. ಗಿರಾಕಿಗಳು ಕೆಳಗಿಳಿದರು ಅಷ್ಟೆ. ಈಗ ಬಿ.ಇ. ಹುಡುಗರೇ ಗಿರಾಕಿಗಳು.

ಈ ಅಂಗಡಿಗಳ ತೂಕವೆಷ್ಟೆಂದು ಲೋಕ ಎಂದೋ ಅಳೆದಿದೆ. 2005ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಮೂವರು ವಿದ್ಯಾರ್ಥಿಗಳು, ಗಣಕ ವಿಜ್ಞಾನದ ಪೇಪರಿನಂತೆಯೇ ಕಾಣುವ ಅರ್ಥಹೀನ ಬರಹವನ್ನು ತಾನಾಗಿ ಸೃಷ್ಟಿಸುವ ಪ್ರೋಗ್ರಾಮೊಂದನ್ನು ಬರೆದರು. ಅದರ ಒಂದು ಪೇಪರು ಸಮ್ಮೇಳನಕ್ಕೆ ಸ್ವೀಕೃತವೂ ಆಯಿತು. ಶೀರ್ಷಿಕೆ, ಸಾರಾಂಶ, ಗ್ರಾಫು, ಉಲ್ಲೇಖ ಎಲ್ಲವೂ ಇತ್ತು, ಅರ್ಥವೊಂದೇ ಇರಲಿಲ್ಲ. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಬೇಕೆಂದೇ ತಪ್ಪು ತುಂಬಿದ ಪೇಪರನ್ನು 304 ಜರ್ನಲುಗಳಿಗೆ ಕಳುಹಿಸಿದಾಗ 157 ಜರ್ನಲುಗಳು ಒಪ್ಪಿಕೊಂಡವು. ಅವುಗಳಲ್ಲಿ ಭಾರತದಲ್ಲಿ ನೆಲೆಯೂರಿದ್ದವು 64. ತಿರಸ್ಕರಿಸಿದ ಭಾರತದ ಜರ್ನಲುಗಳು ಹದಿನೈದು ಮಾತ್ರ. ಇದನ್ನು ಓದಿದಾಗ ನನಗೆ ಲಜ್ಜೆಯಾಯಿತು.

ಕೃತಿಚೌರ್ಯ ತಡೆಯಲೆಂದು 2018ರಲ್ಲಿ ಇನ್ನೊಂದು ನಿಯಮ ಬಂತು. ಬೇರೆಡೆಯ ಬರಹದೊಂದಿಗೆ ಹೋಲಿಕೆ ಶೇಕಡಾ 10 ಮೀರದಿದ್ದರೆ ದಂಡನೆಯಿಲ್ಲ. ಉದ್ದೇಶ ಒಳ್ಳೆಯದೇ. ಆದರೆ ಕದ್ದ ವಾಕ್ಯವನ್ನು ಯಂತ್ರದ ಬಾಯಿಗೆ ಹಾಕಿ ಪದ ಬದಲಿಸುವ ವಿದ್ಯೆ ಎಲ್ಲೆಡೆ ಬೆಳೆಯಿತು. 2021ರಲ್ಲಿ ಗಿಯೋಮ್ ಕಬಾನಾಕ್ ಮತ್ತು ಸಂಗಡಿಗರು ಇಂಥ ಚಿತ್ರಹಿಂಸೆಗೊಳಗಾದ ನುಡಿಗಟ್ಟುಗಳನ್ನು ಪಟ್ಟಿಮಾಡಿದರು. ಕೃತಕ ಬುದ್ಧಿಮತ್ತೆ ಎನ್ನಬೇಕಾದಲ್ಲಿ ಖೋಟಾ ಪ್ರಜ್ಞೆ ಎಂಬರ್ಥದ ಇಂಗ್ಲಿಷ್. ಬಿಗ್ ಡೇಟಾ ಎನ್ನಬೇಕಾದಲ್ಲಿ ದೈತ್ಯ ಮಾಹಿತಿ ಎಂಬರ್ಥದ್ದು. ಬರೆದವನೂ ಓದಿಲ್ಲ, ಪರಿಶೀಲಿಸಿದವನೂ ಓದಿಲ್ಲ. ಹೋಲಿಕೆಯ ಶೇಕಡಾವಾರು ಮಾತ್ರ ಸರಿಯಾಗಿದೆ!

"ಸಾರ್, ಬಿ.ಇ. ಹುಡುಗನ ಪೇಪರನ್ನು ಯಾರು ಓದುತ್ತಾರೆ? ಒಂದು ಅಭ್ಯಾಸ ಅಷ್ಟೆ" ಎನ್ನುವವರಿದ್ದಾರೆ. ಅಭ್ಯಾಸವೆಂಬ ಕಾರಣಕ್ಕೇ ನನಗೆ ಭಯ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಗೆರೆಯ ಸೊಗಸಿಗಾಗಿ ಒಂದು ಬಾವಿಯನ್ನು ಅಳಿಸಿದವನು, ಮೂವತ್ತೆರಡರಲ್ಲಿ ಸೇತುವೆಯ ಕಾಂಕ್ರೀಟಿನ ಪರೀಕ್ಷಾ ವರದಿಯಲ್ಲಿ ಯಾವುದನ್ನು ಅಳಿಸುತ್ತಾನೆ? "ಕಾಲೇಜಿನ ಅಧ್ಯಾಪಕರಿಗೆ ಸಮಯವೆಲ್ಲಿದೆ, ಶ್ರೇಯಾಂಕದ ಒತ್ತಡ ನಿಮಗೆ ಗೊತ್ತಿಲ್ಲ" ಎನ್ನುವವರೂ ಇದ್ದಾರೆ. ಒತ್ತಡವಿರುವುದು ನಿಜ, 2016ರಿಂದ ಪ್ರಕಟವಾಗುತ್ತಿರುವ ರಾಷ್ಟ್ರೀಯ ಶ್ರೇಯಾಂಕದಲ್ಲಿ ಪ್ರಕಟಣೆಗಳ ಲೆಕ್ಕವೂ ಸೇರುತ್ತದೆಂದು ಬಲ್ಲೆ. ಆದರೆ ಒತ್ತಡ ಯಾರಿಗಿಲ್ಲ? ನಮ್ಮ ಶಂಕರಪುರದ ಮಲ್ಲಿಗೆಯ ಲೆಕ್ಕ ನೋಡಿ. 800 ಮೊಗ್ಗು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮುಂಜಾನೆ ಮೊಗ್ಗು ಕೊಯ್ದು, ಕಟ್ಟೆಗೆ ಹೋಗುವ ಹೊತ್ತಿನೊಳಗೆ ಕಟ್ಟಿ ಮುಗಿಸಬೇಕು. ಹಾಗೆಂದು 700ಕ್ಕೇ ನಿಲ್ಲಿಸಿ ಚೆಂಡು ಎಂದರೆ ಆ ಮನೆಯ ಹೂವಿನ ಹೆಸರು ಕೆಡುತ್ತದೆ. ಶಾಲೆಯ ಮೆಟ್ಟಲನ್ನೇ ಹತ್ತದ ಅಜ್ಜಿಗೆ ತಿಳಿದಿರುವ ಈ ಲೆಕ್ಕ ಡಾಕ್ಟರೇಟ್ ಪಡೆದವರಿಗೆ ತಿಳಿಯಬಾರದೇ?

ಇಷ್ಟು ಬೈದ ಮೇಲೆ ನನ್ನ ತಪ್ಪನ್ನೂ ಹೇಳಿಬಿಡಬೇಕು. ಆ ರಾತ್ರಿ ನಿದ್ದೆ ಬರದೆ ಯೋಚಿಸಿದಾಗ ಈ ರೋಗದ ಬೇರು ನನ್ನ ತರಗತಿಯಲ್ಲೇ ಕಂಡಿತು. ನಾನು ವಿಜ್ಞಾನ ಕಲಿಸಿದವನು. ನಿಮಗೆ ರೆಕಾರ್ಡ್ ಪುಸ್ತಕ ನೆನಪಿರಬಹುದು. ಉದ್ದೇಶ, ಉಪಕರಣಗಳು, ವಿಧಾನ, ವೀಕ್ಷಣೆ, ತೀರ್ಮಾನ. ಎಡಪುಟದಲ್ಲಿ ಪೆನ್ಸಿಲಿನ ಚಿತ್ರ, ಮಾರ್ಜಿನ್ ಗೆರೆ ಸರಿಯಿರಬೇಕು. ಓಮನ ನಿಯಮದ ಪ್ರಯೋಗದಲ್ಲಿ ನಿಮ್ಮಲ್ಲಿ ಅನೇಕರು ಮೊದಲು ಸರಳರೇಖೆ ಎಳೆದು, ಆಮೇಲೆ ಅದರ ಮೇಲೆ ಚುಕ್ಕಿಗಳನ್ನು ಕೂರಿಸುತ್ತಿದ್ದಿರಿ. ನನಗೆ ತಿಳಿದಿತ್ತು. ತಿಳಿದೂ ಸಹಿ ಹಾಕಿದೆ. ಒಮ್ಮೆ ಒಬ್ಬ ಹುಡುಗಿ ಗೆರೆಯಿಂದ ಹೊರಗೆ ಬಿದ್ದ ಚುಕ್ಕಿಯನ್ನು ಹಾಗೆಯೇ ಇಟ್ಟು, "ಇದು ಯಾಕೆ ಹೀಗಾಯಿತು ಸಾರ್?" ಎಂದು ಕೇಳಿದಳು. ತಂತಿ ಬಿಸಿಯಾಗಿತ್ತೋ, ಸಂಪರ್ಕ ಸಡಿಲವಾಗಿತ್ತೋ, ಇಬ್ಬರೂ ಕುಳಿತು ನೋಡಬಹುದಿತ್ತು. ಗಂಟೆ ಹೊಡೆಯುವ ಹೊತ್ತಾಗಿತ್ತು. ನಾನು ಕೆಂಪು ಶಾಯಿಯಲ್ಲಿ ಆ ಚುಕ್ಕಿಗೆ ಅಡ್ಡಗೆರೆ ಎಳೆದು "ಪುನಃ ಬರೆ" ಎಂದೆ. ಆ ಹುಡುಗಿ ಇದನ್ನು ಓದುತ್ತಿದ್ದರೆ, ತಾಯೀ, ಅಂದು ವಿಜ್ಞಾನಿಯಂತೆ ನಡೆದುಕೊಂಡವಳು ನೀನು, ನಾನಲ್ಲ.

ಆದುದರಿಂದ ನನ್ನ ಬೇಡಿಕೆಗಳು ನನಗೂ ನಿಮಗೂ ಸೇರಿಯೇ ಇವೆ. ಅಳತೆಗಳನ್ನೆಲ್ಲ ಕೊಡಿ, ಒಂದನ್ನು ಬಿಟ್ಟರೆ ಬಿಟ್ಟಿದ್ದೇನೆ, ಈ ಕಾರಣಕ್ಕೆ ಎಂದು ಬರೆಯಿರಿ. ಅದಕ್ಕೆ ಎರಡು ಸಾಲು ಸಾಕು, ಆರು ಪುಟ ಏಳಾಗುವುದಿಲ್ಲ. ದುಡಿದವರ ಹೆಸರು ಮಾತ್ರ ಮೇಲಿರಲಿ. ಬಾಟಲಿ ಹಿಡಿದವನ ಹೆಸರು ಕೊನೆಗೆ ಸರಿಯದಿರಲಿ. ಓದದ ಪುಸ್ತಕವನ್ನು ಉಲ್ಲೇಖಿಸಬೇಡಿ. ನಾಲ್ಕು ದಿನದಲ್ಲಿ ಒಪ್ಪಿಕೊಂಡು ದುಡ್ಡು ಕೇಳುವವರಿಗೆ ದುಡ್ಡು ಕೊಡಬೇಡಿ. ಟೆಂಪ್ಲೇಟನ್ನು ಕೊನೆಗೆ ತೆರೆಯಿರಿ. ಕಡೆಯದಾಗಿ, ಯಾರ ಊರಿನಲ್ಲಿ ಅಳೆದಿರೋ ಆ ಊರಿನವರಿಗೆ ಅವರ ಭಾಷೆಯಲ್ಲಿ ಎರಡು ಪುಟ ಬರೆದುಕೊಡಿ. ನಮ್ಮ ಬಾವಿಯ ಸುದ್ದಿ ಎಲ್ಲಿಯ ಯಾವುದೋ ಜರ್ನಲಿಗೆ ಹೋಗುವ ಮೊದಲು ನಮ್ಮ ಪಂಚಾಯತಿಗೆ ತಿಳಿಯಬೇಡವೇ?

ಕ್ಲೋರೈಡೆಲ್ಲ ಸಮುದ್ರದಿಂದಲೇ ಬರಬೇಕೆಂದಿಲ್ಲ. ಹತ್ತಿರದ ಶೌಚದ ಗುಂಡಿ ಸೋರಿದರೂ ಬಾವಿಯಲ್ಲಿ ಅದು ಏರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 250 ಮಿಲಿಗ್ರಾಮ್ ಮೀರದಿದ್ದರೆ ಒಳ್ಳೆಯದೆಂದು 2012ರ ಭಾರತೀಯ ಮಾನಕ ಹೇಳುತ್ತದೆ. ಹನ್ನೊಂದು ಬಾವಿಗಳು ಎಲ್ಲರಿಗೂ ಗೊತ್ತಿದ್ದನ್ನೇ ಹೇಳಿದವು. ಹೊಸದೇನಾದರೂ ಹೇಳಲು ಬಾಯಿ ತೆರೆದದ್ದು ಹನ್ನೆರಡನೆಯದು. ಅದರ ಬಾಯಿಯನ್ನೇ ಮುಚ್ಚಿಸಿದೆವು.

ಹುಡುಗ ಕೆಟ್ಟವನಲ್ಲ. ಹೊರಡುವಾಗ ಅವನ ಮುಖ ಸಣ್ಣದಾಗಿತ್ತು. ವಾರದ ಮೇಲೆ ಒಬ್ಬನೇ ಬಂದ. ತನ್ನ ಹಳೆಯ ನೋಟ್‌ಬುಕ್ ತಂದಿದ್ದ. ಅದರಲ್ಲಿ ಹನ್ನೆರಡೂ ಬಾವಿಗಳ ಲೆಕ್ಕ ನೀಟಾಗಿತ್ತು. ಬರುವ ಫೆಬ್ರವರಿಯಿಂದ ಮತ್ತೆ ನೀರು ತೆಗೆಯುವುದೆಂದೂ, ಈ ಸಲ ಶೌಚದ ಗುಂಡಿಗಳ ದೂರವನ್ನೂ ಅಳೆಯುವುದೆಂದೂ ಒಪ್ಪಂದವಾಗಿದೆ. ಹಗ್ಗ, ಕೊಡಪಾನ ನನ್ನವು. ಅಲ್ಲಿಯವರೆಗೆ ಮನೆಯಲ್ಲಿ ನೀರು ಕುದಿಸಿಯೇ ಕುಡಿಯುತ್ತಿದ್ದೇವೆ. ಕುದಿಸಿದರೆ ಉಪ್ಪು ಹೋಗುವುದಿಲ್ಲ ಎಂಬುದನ್ನು ನಿಮಗೆ ಒಂಬತ್ತನೆಯ ತರಗತಿಯಲ್ಲಿ ಕಲಿಸಿದವನು ನಾನೇ.