ಚಹಾದ ದೃಶ್ಯಕ್ಕೆ ರಣಸಂಗೀತ

ಮಂಜು ಕವಿದ ಬೆಟ್ಟ, ಬಟ್ಟಲಿಗೆ ಇಳಿಯುವ ಚಹಾ, ಹಿಂದೆ ಯಾವುದೋ ಚೀನೀ ತಂತಿವಾದ್ಯ. ಇಂಥ ವಿಡಿಯೊಗಳಿಗೆ ಈಗ ಬರವಿಲ್ಲ. ಆದರೆ ಆ ಸಂಗೀತ ಆರಿಸಿದವರು ಅದನ್ನು ಒಮ್ಮೆಯಾದರೂ ಪೂರ್ತಿ ಕೇಳಿದ್ದಾರೆಯೇ?

ಪೀಪಾ ವಾದ್ಯದ ಹೆಸರಾಂತ ಕೃತಿ 'ಶಿಮಿಯೆನ್ ಮೈಫು' ಕ್ರಿ.ಪೂ. 202ರ ಗೈಶಿಯಾ ಕಾಳಗದ ಕಥನ. ಲಿಯು ಬಾಂಗ್‌ನ ಹಾನ್ ಪಡೆ ಚು ನಾಯಕ ಶಿಯಾಂಗ್ ಯುವನ್ನು ಸುತ್ತುವರಿದು ಸದೆಬಡಿದದ್ದನ್ನು ನಾಲ್ಕೇ ತಂತಿಗಳು ಹೇಳುತ್ತವೆ. ಅದರ ತುಣುಕನ್ನು ಚಹಾಕ್ಕೆ ಅಂಟಿಸಿದರೆ ಚೀನಾ ಬಲ್ಲವರು ನಕ್ಕಾರು. ಎರ್‌ಹು ವಾದ್ಯದ 'ಎರ್‌ಚ್ವಾನ್ ಯಿಂಗ್‌ಯುವೆ' ಕೃತಿಯನ್ನು ಅಂಟಿಸಿದರಂತೂ ನಗುವುದೂ ಕಷ್ಟ. ಅದು ವುಶಿ ನಗರದ ಬೀದಿಗಳಲ್ಲಿ ನುಡಿಸಿ ಹೊಟ್ಟೆ ಹೊರೆದ ಅಂಧ ವಾದಕ ಆಬಿಂಗ್‌ನದು. 1950ರಲ್ಲಿ ವಿದ್ವಾಂಸ ಯಾಂಗ್ ಯಿನ್‌ಲಿಯು ಅವನಿಂದ ಧ್ವನಿಮುದ್ರಿಸಿಕೊಂಡದ್ದು ಆರೇ ಕೃತಿ. ಆ ವರ್ಷ ಮುಗಿಯುವುದರೊಳಗೆ ಆಬಿಂಗ್ ತೀರಿಕೊಂಡ.

ಹೆಚ್ಚು ಪೆಟ್ಟು ಬೀಳುವುದು ಗುಚಿನ್ ವಾದ್ಯಕ್ಕೆ. ಏಳು ತಂತಿ, ಮೆಟ್ಟಿಲುಗಳಿಲ್ಲ. ಬಲಗೈ ಮೀಟಿದ ಮೇಲೆ ಎಡಗೈ ಬೆರಳು ತಂತಿಯ ಮೇಲೆ ಜಾರುತ್ತದೆ. ನಾದ ಕೇಳಿಸೀತೋ ಇಲ್ಲವೋ ಎನ್ನುವಷ್ಟು ಕ್ಷೀಣಿಸಿದರೂ ಬೆರಳು ನಿಲ್ಲುವುದಿಲ್ಲ. ವೀಣೆಯ ಗಮಕ ಕೇಳಿ ಪಳಗಿದ ಕಿವಿಗೆ ಇದರ ಬೆಲೆ ಗೊತ್ತು. ಮೇಲೆ ನಿರೂಪಕರ ಮಾತು ಹೇರಿ ಸಂಗೀತದ ದನಿ ತಗ್ಗಿಸಿದರೆ, ಜಾರಿನ ನಾದವೇ ಮೊದಲು ಅಳಿಸಿಹೋಗುತ್ತದೆ; ಉಳಿಯುವುದು ಟಣ್ ಟಣ್ ಸದ್ದು. ಯಾವ ಪ್ರಶಾಂತತೆಗಾಗಿ ಆ ವಾದ್ಯವನ್ನು ಆರಿಸಿದರೋ ಅದನ್ನೇ ಅಳಿಸಿದಂತಾಯಿತು. 1977ರಲ್ಲಿ ವಾಯೇಜರ್ ನೌಕೆಗಳ ಜೊತೆ ಬಾಹ್ಯಾಕಾಶಕ್ಕೆ ಹೋದ ಚಿನ್ನದ ಲೇಪದ ಧ್ವನಿಮುದ್ರಿಕೆಯಲ್ಲಿ ಗುವಾನ್ ಪಿಂಗ್‌ಹು ನುಡಿಸಿದ 'ಲಿಯು ಶುಯಿ' ಎಂಬ ಗುಚಿನ್ ಕೃತಿಗೆ ಏಳು ನಿಮಿಷಕ್ಕೂ ಹೆಚ್ಚು ಜಾಗವಿದೆ, ಮೇಲೊಂದು ಮಾತೂ ಇಲ್ಲದೆ. ಕೇಳುಗರು ಇದ್ದಾರೋ ಇಲ್ಲವೋ ಎಂಬಲ್ಲಿಗೆ ಕಳಿಸುವಾಗಲೂ ಅಷ್ಟು ಮರ್ಯಾದೆ ಇತ್ತು.

ಇನ್ನು, ಹಳೆಯ ಸಂಗೀತ ಪುಕ್ಕಟೆ ಎಂಬ ನಂಬಿಕೆ. ಧಾಟಿ ಶತಮಾನಗಳಷ್ಟು ಹಳೆಯದಿರಬಹುದು, ಆದರೆ ಅದನ್ನು ನುಡಿಸಿ ಮುದ್ರಿಸಿದ್ದರ ಹಕ್ಕು ಬೇರೆಯೇ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣದ ಕೃತಿಸ್ವಾಮ್ಯ ಪ್ರಕಟಣೆಯ ನಂತರ 60 ವರ್ಷ ಇರುತ್ತದೆ. ಪರವಾನಗಿಗೆ ಹಣ ತೆತ್ತವರು ಕೃತಿಯ ಮತ್ತು ವಾದಕರ ಹೆಸರನ್ನೂ ಪರದೆಯ ಮೇಲೆ ಹಾಕಲಿ. 'ಚೈನೀಸ್ ಮ್ಯೂಸಿಕ್' ಎಂದಷ್ಟೇ ಬರೆದು ಕೈತೊಳೆದುಕೊಳ್ಳುವವರು, ತ್ಯಾಗರಾಜರ ಕೀರ್ತನೆಗೆ ಯಾರಾದರೂ 'ಇಂಡಿಯನ್ ಮ್ಯೂಸಿಕ್' ಎಂದು ಬರೆದರೆ ಸುಮ್ಮನಿರುತ್ತಾರೆಯೇ?